ಖಾಲಿ ಉಳಿದ ಅರ್ಧ ಪುಟ

ನಮ್ಮ ಕಸುಬಿನವರಿಗೆ ಕಾಗದದ ಮೇಲೆ ಖಾಲಿ ಜಾಗ ಕಂಡರೆ ಸಮಾಧಾನವಿರುವುದಿಲ್ಲ. ಹುಕ್ಕೇರಿಯ ಸಬ್ ರಜಿಸ್ಟ್ರಾರ್ ಕಚೇರಿಯ ಎದುರು ನಾನು ಬಾಂಡ್ ರೈಟರ್ ಆಗಿ ಕೂತ ಮೊದಲ ದಿನ, ಕೆಲಸ ಕಲಿಸಿದ ಹಿರಿಯರು ಹೇಳಿಕೊಟ್ಟದ್ದು ಅದೊಂದೇ. ಖರೀದಿ ಪತ್ರವಿರಲಿ, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರವಿರಲಿ, ಬರೆದು ಮುಗಿಸಿದ ಮೇಲೆ ಕೆಳಗೆ ಜಾಗ ಉಳಿದರೆ ಯಾರಾದರೂ ಆಮೇಲೆ ಅಲ್ಲಿ ಎರಡು ಸಾಲು ಸೇರಿಸಿಯಾರು. ಆದ್ದರಿಂದ ಅದನ್ನು ತುಂಬಿಸಬೇಕು, ಇಲ್ಲವೇ ಮೂಲೆಯಿಂದ ಮೂಲೆಗೆ ಒಂದು ಅಡ್ಡಗೆರೆ ಎಳೆದುಬಿಡಬೇಕು. ಹತ್ತನೇ ಇಯತ್ತೆ ಪಾಸಾಗಿದ್ದ ನನಗೆ ಕಾಯಿದೆ ತಿಳಿಯುತ್ತಿರಲಿಲ್ಲ. ಅಕ್ಷರ ಚೆನ್ನಾಗಿತ್ತು, ಗೆರೆ ನೆಟ್ಟಗೆ ಬರುತ್ತಿತ್ತು. ಅಷ್ಟರ ಮೇಲೆ ಮೂವತ್ತೈದು ವರ್ಷ ಹೊಟ್ಟೆ ಹೊರೆದೆ.

ಆ ಅಭ್ಯಾಸದಿಂದ ನನ್ನ ಮೊಮ್ಮಗಳ ಪರೀಕ್ಷೆ ತಪ್ಪಿಹೋಗುವುದರಲ್ಲಿತ್ತು. ನಡೆದದ್ದರಲ್ಲಿ ಒಂದು ತಪ್ಪನ್ನು ಅವಳ ಕಾಲೇಜಿನವರು ಹಿಡಿದರು. ಇನ್ನೊಂದನ್ನು ಯಾರೂ ಹಿಡಿಯಲಿಲ್ಲ, ಅದನ್ನು ನಾನೇ ಬಾಯಿಬಿಟ್ಟು ಹೇಳಬೇಕಾಯಿತು. ಎರಡೂ ನನ್ನವೇ.

ಈಗ ನಾನು ಮೂಡಲಗಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ದಿನಾ ಬಸ್ಸಿನಲ್ಲಿ ಗೋಕಾಕಕ್ಕೆ ಹೋಗಿ ಕಾನೂನು ಓದುತ್ತಾಳೆ, ಕನ್ನಡದಲ್ಲೇ ಪರೀಕ್ಷೆ ಬರೆಯುತ್ತಾಳೆ. ಅವಳಿಗೆ ಅಕ್ಷರ ಕಲಿಸಿದವನು ನಾನು. ಸಾಲಿಗೆ ಹೋಗುವ ಮೊದಲೇ ಪಾಟಿಯ ಮೇಲೆ ಅವಳ ಕೈ ಹಿಡಿದು ತಿದ್ದಿಸಿದ್ದೆ. ಅದರ ಫಲವಾಗಿ ಅವಳ ಬರಹಕ್ಕೂ ನನ್ನ ಬರಹಕ್ಕೂ ಫರಕೇ ಇಲ್ಲ. ಕಿರಾಣಿ ಚೀಟಿ ನೋಡಿ ನನ್ನ ಮಗಳು, "ಇದು ಅಪ್ಪ ಬರದದ್ದೋ, ಇಕಿ ಬರದದ್ದೋ?" ಎಂದು ಈಗಲೂ ಕೇಳುತ್ತಾಳೆ. ಆ ಮಾತು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಹಿಗ್ಗು.

ಒಂದು ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ ಅವಳು ಫೋನು ತಂದು ನನ್ನ ಮುಖದ ಮುಂದೆ ಹಿಡಿದಳು.

"ಅಜ್ಜಾ, ಏನರ ಒಂದ್ ತಕರಾರ ಹೇಳು. ಇದು ಅರ್ಜಿ ಬರದು ಕೊಡತೈತಿ."

ನಾನು ನಗಾಡುತ್ತಲೇ ಹೇಳಿದೆ: ಬಾಜೂ ಹೊಲದವನು ಬದು ಒತ್ತಿದ್ದಾನೆ, ಕಲ್ಲು ಕಿತ್ತು ಈಚೆ ನೆಟ್ಟಿದ್ದಾನೆ, ಕೇಳಿದರೆ ಬಡಿಯಲು ಬರುತ್ತಾನೆ. ನಮ್ಮ ಆಡುಮಾತಿನಲ್ಲೇ ಹೇಳಿದ್ದು. ಅವಳು ಚಹಾದ ಕಪ್ಪನ್ನು ಕೆಳಗಿಡುವುದರೊಳಗೆ ತಹಶೀಲ್ದಾರರಿಗೆ ಅರ್ಜಿ ಸಿದ್ಧವಾಗಿತ್ತು. ವಿಷಯ, ಉಲ್ಲೇಖ, ಸರ್ವೆ ನಂಬರಿಗೆ ಬಿಟ್ಟ ಜಾಗ, ಕೊನೆಗೆ 'ತಮ್ಮ ವಿಶ್ವಾಸಿ'. ನನಗೆ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಅದು. ಚಷ್ಮಾ ತೆಗೆದು ಒರೆಸಿ ಮತ್ತೆ ಓದಿದೆ. ಹುಡುಕಿದರೂ ಒಂದು ಒತ್ತಕ್ಷರ ತಪ್ಪಿರಲಿಲ್ಲ. ಮೈಮೇಲೆ ಕೂದಲೆದ್ದವು.

"ಇದರೊಳಗ ಯಾವ ಊರಿನ ಬಾಂಡ್ ರೈಟರ್ ಕುಂತಾನವಾ?"

"ಎಲ್ಲಾ ಊರಿನವರೂ ಕುಂತಾರಜ್ಜಾ."

"ಅಂದ್ರ ನಾನೂ?"

"ನೀ ಬರದ ಪತ್ರ ಯಾರರ ಇದಕ್ಕ ಓದಾಕ ಕೊಟ್ಟಿದ್ರ, ನೀನೂ."

ಅವಳು ತಮಾಷೆಗೆ ಹೇಳಿದ್ದಳು. ನಾನು ಎರಡು ದಿನ ಅದನ್ನೇ ಯೋಚಿಸಿದೆ. ಗುಡಿಯಲ್ಲಿ ನಿಂತಾಗ ಆಗುವಂಥದೇ ಏನೋ ಒಂದು ಆಗಿತ್ತು ನನಗೆ, ಸುಳ್ಳು ಹೇಳುವುದಿಲ್ಲ.

ಅದಾದ ವಾರಕ್ಕೆ ಅವಳು ಕಾಲೇಜಿನಿಂದ ಒಂದು ಹಾಳೆ ತಂದಳು. ಕೃತಕ ಬುದ್ಧಿಮತ್ತೆಯನ್ನು ವಿದ್ಯಾರ್ಥಿಗಳು ಹೇಗೆ ಬಳಸಬೇಕು, ಹೇಗೆ ಬಳಸಬಾರದು ಎಂಬ ನಿಯಮಗಳು ಅದರಲ್ಲಿದ್ದವು. ಯಂತ್ರವನ್ನು ಕೇಳಿ ತಿಳಿದುಕೊಳ್ಳಬಹುದು, ಆದರೆ ಕೇಳಿದ್ದನ್ನು ಮುಚ್ಚಿಡಬಾರದು. ಏನು ಕೇಳಿದೆ, ಅದು ಏನು ಹೇಳಿತು ಎಂದು ಮೊದಲ ಹಾಳೆಯಲ್ಲಿ ಬರೆಯಬೇಕು. ಪ್ರಬಂಧವನ್ನು ಸ್ವಂತ ಮಾತಿನಲ್ಲಿ, ಸ್ವಂತ ಕೈಯಿಂದ ಬರೆಯಬೇಕು. ಯಾವುದೇ ತೀರ್ಪನ್ನು ಹೆಸರಿಸಿದರೆ ಅದನ್ನು ಪುಸ್ತಕದಲ್ಲಿ ಕಣ್ಣಾರೆ ನೋಡಿರಬೇಕು. ಕೊನೆಯ ಸಾಲನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು: ಸಹಿ ಮಾಡಿದವರು ಪ್ರತಿಯೊಂದು ಮಾತಿಗೂ ಹೊಣೆ. ಇಲ್ಲದ ತೀರ್ಪನ್ನು ಬರೆದವರಿಗೆ ಆ ಸಲದ ಪರೀಕ್ಷೆಗೆ ಕೂರಲು ಬಿಡುವುದಿಲ್ಲ ಎಂದೂ ಇತ್ತು.

"ಅಲ್ಲವಾ, ಇಷ್ಟ್ ಚಂದ ಬರಿಯೂದು ಇದ್ದಾಗ ಕೈಲೆ ಬರಿ ಅಂದ್ರ, ಬಸ್ ಇದ್ದಾಗ ನಡಕೋತ ಬಾ ಅಂದಂಗ ಆತು," ಎಂದೆ.

"ನಡದು ಬಂದ್ರ ದಾರಿ ಗೊತ್ತಾಗತೈತಿ ಅಂತಾರ ನಮ್ ಮೇಡಂ."

"ನಿಮ್ ಮೇಡಂ ನಡಕೋತ ಬರ್ತಾರೇನ?"

"ಸ್ಕೂಟಿ ಮ್ಯಾಲ ಬರ್ತಾರ. ಸುಮ್ಕಿರಜ್ಜಾ."

ಅವಳಿಗೆ ಕೊಟ್ಟ ಪ್ರಬಂಧದ ವಿಷಯ ನನ್ನ ಕಸುಬಿಗೆ ಸೇರಿದ್ದು: ಓದು ಬಾರದವರು ಹೆಬ್ಬೆಟ್ಟು ಒತ್ತಿದ ಪತ್ರ ನ್ಯಾಯಾಲಯದಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆ? ನೋಟ್‌ಬುಕ್ ಹಿಡಿದು ನನ್ನ ಎದುರು ಕೂತಳು. ನಾವು ಬರೆಯುತ್ತಿದ್ದ ಪ್ರತಿ ಪತ್ರದ ಕೊನೆಗೆ ಒಂದು ಸಾಲು ಇರುತ್ತಿತ್ತು, 'ಸದರಿ ಪತ್ರವನ್ನು ಓದಿಸಿ ಕೇಳಿ, ಒಪ್ಪಿ, ಸ್ವಸಂತೋಷದಿಂದ ಬರೆಸಿಕೊಟ್ಟಿರುತ್ತೇನೆ' ಎಂದು. ಅವಳು ಅದರ ಬಗ್ಗೆ ಕೇಳಿದಳು.

"ನೀ ಎಲ್ಲಾರಿಗೂ ಓದಿ ಹೇಳತಿದ್ದೇನಜ್ಜಾ?"

"ಒಂದೂ ಬಿಟ್ಟಿಲ್ಲ," ಎಂದೆ.

ಅವಳು ಬರೆದುಕೊಂಡಳು. ಪ್ರಬಂಧದ ಮೂರನೇ ಪುಟದಲ್ಲಿ ಅದನ್ನು ಹಾಕಿದಳು: ಮೂವತ್ತೈದು ವರ್ಷ ಪತ್ರ ಬರೆದ ಒಬ್ಬರು, ಓದಿ ಹೇಳದೆ ಒಂದು ಹೆಬ್ಬೆಟ್ಟನ್ನೂ ತಾವು ತೆಗೆದುಕೊಂಡಿಲ್ಲವೆಂದು ತಿಳಿಸಿದ್ದಾರೆ. ಆ ಸಾಲು ಸುಳ್ಳು. ಹೇಳುವಾಗಲೇ ನನಗೆ ಗೊತ್ತಿತ್ತು. ಅದಕ್ಕೆ ಮತ್ತೆ ಬರುತ್ತೇನೆ.

ಪ್ರಬಂಧ ಕೊಡಬೇಕಾದ ದಿನ ಬೆಳಗ್ಗೆ ಅವಳು ಏಳೂವರೆ ಪುಟ ಬರೆದು ಮುಗಿಸಿ, ಮೊದಲ ಹಾಳೆಗೆ ಸಹಿ ಮಾಡಿ, ಎಲ್ಲವನ್ನೂ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದಳು. ನಾನು ತಿರುವಿ ನೋಡಿದೆ. ಚಂದದ ಬರಹ. ಕೊನೆಯ ಪುಟಕ್ಕೆ ಬಂದಾಗ ಅರ್ಧ ಖಾಲಿ. ನನಗೆ ತಡೆಯಲಾಗಲಿಲ್ಲ. ಒಂದು ಅಡ್ಡಗೆರೆ ಎಳೆದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಷ್ಟು ಚಂದದ ಹಾಳೆಯ ಮೇಲೆ ಗೆರೆ ಎಳೆದರೆ ಗಾಯದ ಹಾಗೆ ಕಂಡೀತು ಅನ್ನಿಸಿತು. ಅವಳ ಫೋನು ಅಲ್ಲೇ ಇತ್ತು. ಅದನ್ನು ತೆರೆಯುವುದು ಹೇಗೆಂದು ಅವಳೇ ತೋರಿಸಿಕೊಟ್ಟಿದ್ದಳು.

ಬಾಯಿ ಹತ್ತಿರ ಹಿಡಿದು ಕೇಳಿದೆ: "ಓದಾಕ ಬರದವರು ಹೆಬ್ಬೆಟ್ಟ ಒತ್ತಿದ್ದಕ್ಕ ಕೋರ್ಟಿನ ತೀರ್ಪ ಇದ್ರ ಒಂದ್ ಹೇಳ್ರಿ ಸಾಹೇಬ್ರ, ಎಂಟ್ ಸಾಲಿನಾಗ ಹೇಳ್ರಿ."

ಹೇಳಿತು. ಒಬ್ಬ ವಿಧವೆ, ಅವಳ ಊರು, ಅವಳ ಅಣ್ಣತಮ್ಮಂದಿರು ಮಾಡಿಸಿದ ಪತ್ರ. ಓದಿ ಹೇಳದ ಪತ್ರ ಪತ್ರವೇ ಅಲ್ಲವೆಂದು ನ್ಯಾಯಮೂರ್ತಿಗಳು ಹೇಳಿದ ಮಾತು. ಇಸವಿ, ಸಂಪುಟ, ಪುಟ ಸಂಖ್ಯೆ. ಓದುತ್ತಿದ್ದಂತೆ ಚಷ್ಮಾ ತೆಗೆದು ಕಣ್ಣೊರೆಸಿಕೊಂಡೆ, ಎಲ್ಲೋ ಯಾರೋ ಒಬ್ಬ ವಿಧವೆಗೆ ನ್ಯಾಯ ಸಿಕ್ಕಿದೆಯಲ್ಲ ಎಂದು. ಅವಳ ಪೆನ್ನೇ ತೆಗೆದುಕೊಂಡು, ಅವಳದೇ ಅಂತರ ಬಿಟ್ಟು ಎಂಟು ಸಾಲು ಬರೆದೆ. ಜಾಗ ಸರಿಯಾಗಿ ತುಂಬಿತು.

ಅವಳು ಕೂದಲು ಒರೆಸಿಕೊಳ್ಳುತ್ತ ಬಂದಳು, ಹಾಳೆಗಳನ್ನು ಚೀಲಕ್ಕೆ ಹಾಕಿದಳು, ಬಸ್ಸಿಗೆ ಓಡಿದಳು. ಮಾರ್ಕು ಬಂದ ಮೇಲೆ ಹೇಳೋಣ, ಖುಷಿಪಡುತ್ತಾಳೆ ಎಂದುಕೊಂಡು ನಾನು ಸುಮ್ಮನಿದ್ದೆ. ನಿಯಮಗಳ ಹಾಳೆ ಓದಿದವನಿಗೆ ಅವು ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನೆನಪಿದ್ದವು. ಅವು ಹುಡುಗರಿಗೆ ಮಾಡಿದ ನಿಯಮಗಳು, ನನ್ನಂಥವನಿಗಲ್ಲ ಅಂದುಕೊಂಡಿದ್ದೆ.

ಹತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಬೇಗ ಮನೆಗೆ ಬಂದಳು. ಚಪ್ಪಲಿ ಬಿಡದೆ ಹೊಸ್ತಿಲ ಮೇಲೆಯೇ ಕೂತಳು. ಅವಳು ಬರೆದ ತೀರ್ಪು ಎಲ್ಲಿಯೂ ಇಲ್ಲವಂತೆ. ನಾಳೆ ಕಾಲೇಜಿನ ಸಮಿತಿಯ ಮುಂದೆ ನಿಂತು ಉತ್ತರ ಕೊಡಬೇಕು, ಕೊಡದಿದ್ದರೆ ಈ ಸಲ ಪರೀಕ್ಷೆಗೆ ಕೂರಿಸುವುದಿಲ್ಲ. ಕೊನೆಯ ಪುಟದ ಫೋಟೋ ತೆಗೆದುಕೊಂಡು ಬಂದಿದ್ದಳು.

"ಇದನ್ನ ನಾ ಬರದಿಲ್ಲವಾ," ಎಂದಳು ತಾಯಿಗೆ. "ಬರದದ್ದು ನೆನಪ ಇಲ್ಲ. ಆದ್ರ ಅಕ್ಷರ ನಂದ ಐತಿ."

"ನಿದ್ದಿಗಣ್ಣಾಗ ಬರದಿಯೇನ?"

"ಗೊತ್ತಿಲ್ಲ. ತಲಿ ಕೆಟ್ಟೈತಿ."

ನಾನು ಊಟ ಮಾಡುತ್ತಿದ್ದೆ. ರೊಟ್ಟಿಯ ಚೂರು ಕೈಯಲ್ಲಿತ್ತು. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಆ ರೊಟ್ಟಿ ಮುಗಿಯುವವರೆಗೂ, ಮೇಲೆ ಅನ್ನ ಕಲಸಿಕೊಂಡು ಉಣ್ಣುವವರೆಗೂ ಬಾಯಿ ಬಿಡಲಿಲ್ಲ. ಸುಮ್ಮನಿದ್ದರೆ ಏನಾಗುತ್ತದೆ ಎಂದೂ ಲೆಕ್ಕ ಹಾಕಿದೆ. ಅವಳೇ ಮರೆತು ಬರೆದಿದ್ದಾಳೆ ಎಂದು ಎಲ್ಲರೂ ನಂಬುತ್ತಾರೆ, ಅವಳೂ ನಂಬುತ್ತಾಳೆ. ತನ್ನ ಕೈಯನ್ನೇ ಅವಳು ಅನುಮಾನದಿಂದ ನೋಡಿಕೊಳ್ಳುತ್ತಿದ್ದಳು, ಅಂಗೈ ತಿರುವಿ ತಿರುವಿ. ಅದನ್ನು ನೋಡಲಾಗಲಿಲ್ಲ.

"ನಾ ಬರದದ್ದವಾ ಅದು," ಎಂದೆ.

ಮಗಳು ತಾಟು ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ನಿಂತಳು. ಮೊಮ್ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಪ್ಪಲಿ ಬಿಚ್ಚಿ ಬದಿಗಿಟ್ಟು, "ನನಗ ಹೇಳಬೇಕಿತ್ತಜ್ಜಾ" ಎಂದಳು, ಅಷ್ಟೇ.

ಮರುದಿನ ಇಬ್ಬರೂ ಗೋಕಾಕದ ಬಸ್ಸು ಹತ್ತಿದೆವು. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ಹುಡುಗರು ಇಳಿದ ಮೇಲೆ ನಮಗೆ ಕೂರಲು ಜಾಗ ಸಿಕ್ಕಿತು. ಅವಳು ಕಿಟಕಿಯ ಕಡೆ ನೋಡುತ್ತ ಕೂತಳು. ದಾರಿಯುದ್ದಕ್ಕೂ ನಾನು ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದು ಹೊಡೆದು ಮಾಡುತ್ತಿದ್ದೆ.

ಸಮಿತಿಯಲ್ಲಿ ಮೂವರಿದ್ದರು. ಸ್ಕೂಟಿಯ ಮೇಡಂ, ವಯಸ್ಸಾದ ಒಬ್ಬ ಪ್ರಾಧ್ಯಾಪಕರು, ಬರೆದುಕೊಳ್ಳಲು ಒಬ್ಬರು. ಮೇಡಂ ಮೇಜಿನ ಮೇಲೆ ಒಂದು ದಪ್ಪ ಸಂಪುಟವನ್ನು ತೆರೆದಿಟ್ಟಿದ್ದರು. ನಾನು ಬರೆದಿದ್ದ ಇಸವಿ, ನಾನು ಬರೆದಿದ್ದ ಪುಟ. ಅಲ್ಲಿ ಇದ್ದದ್ದು ಯಾವುದೋ ಬಸ್ಸಿನ ಪರ್ಮಿಟ್ಟಿನ ಮೊಕದ್ದಮೆ.

"ಹಂಗಾರ ಆ ವಿಧವಿ? ಆಕಿ ಊರು?" ಎಂದು ಕೇಳಿದೆ.

"ಯಾವದೂ ಇಲ್ರಿ ಅಜ್ಜಾರ. ಮಷೀನ ಕಟ್ಟಿ ಹೇಳಿದ್ದು," ಎಂದರು ಮೇಡಂ.

ಇಲ್ಲದ ಹೆಂಗಸು, ಇಲ್ಲದ ಊರು, ಕೂರದೇ ಇದ್ದ ನ್ಯಾಯಾಧೀಶರು, ಅವರು ಆಡದ ಮಾತು. ಅದಕ್ಕೆ ನಾನು ಕಣ್ಣೀರು ಹಾಕಿದ್ದೆ. ನಮ್ಮ ಕಾಲದಲ್ಲಿ ಸುಳ್ಳು ಸಾಕ್ಷಿ ಹೇಳುವವನ ಕಾಲು ನಡುಗುತ್ತಿತ್ತು, ನೀರು ಕೇಳುತ್ತಿದ್ದ. ಇದು ಎಷ್ಟು ತಣ್ಣಗೆ, ಎಷ್ಟು ಸ್ವಚ್ಛ ಕನ್ನಡದಲ್ಲಿ, ಪುಟ ಸಂಖ್ಯೆ ಸಮೇತ ಹೇಳಿತು! ಅದರ ಶಕ್ತಿಗೆ ಆವತ್ತು ಕಟ್ಟೆಯ ಮೇಲೆ ಬೆರಗಾಗಿದ್ದೆ. ಈಗ ಆದ ಬೆರಗಿನಲ್ಲಿ ಭಯವೂ ಸೇರಿತ್ತು.

ನಾನು ಮಾಡಿದ್ದನ್ನು ಹೇಳಿದೆ. ವಯಸ್ಸಾದ ಪ್ರಾಧ್ಯಾಪಕರು ನಂಬಲಿಲ್ಲ.

"ಮೊಮ್ಮಗಳನ್ನ ಉಳಸಾಕ ಬಂದೀರೇನ್ರಿ ಹಿರ್ಯಾರ? ಅಕ್ಷರ ಅಕಿದು ಐತಿ."

"ಅಕಿದೂ ಹೌದ್ರಿ, ನಂದೂ ಹೌದ್ರಿ."

ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು ಒಂದೇ ಸಾಲು ಬರೆಯಿಸಿದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರು, ಅದಲುಬದಲು ಮಾಡಿ ನೋಡಿದರು. ಯಾವುದು ಯಾರದೆಂದು ಅವರಿಗೂ ತಿಳಿಯಲಿಲ್ಲ, ಒಂದು ಕ್ಷಣ ನನಗೂ ತಿಳಿಯಲಿಲ್ಲ. ಇಷ್ಟು ವರ್ಷ ಹಿಗ್ಗಿದ್ದ ವಿಷಯವೇ ನಮ್ಮನ್ನು ಸಿಕ್ಕಿಸಿಹಾಕಿತ್ತು. ಆಗ ಮೇಡಂ ಮೊಮ್ಮಗಳ ಫೋನು ಕೇಳಿ ತೆಗೆದುಕೊಂಡು, ಅದರಲ್ಲಿ ಉಳಿದಿದ್ದ ಹಳೆಯ ಪ್ರಶ್ನೆಗಳನ್ನು ಹಿಂದೆ ಹಿಂದೆ ಸರಿಸುತ್ತ ಹೋದರು. ಒಂದು ಕಡೆ ನಿಂತು ಗಟ್ಟಿಯಾಗಿ ಓದಿದರು:

"ಒಂದ್ ಹೇಳ್ರಿ ಸಾಹೇಬ್ರ, ಎಂಟ್ ಸಾಲಿನಾಗ ಹೇಳ್ರಿ."

ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ಪ್ರಾಧ್ಯಾಪಕರು ನಗು ತಡೆದುಕೊಂಡು, "ಈಗಿನ ಹುಡುಗ್ರು ಮಷೀನಿಗಿ ಸಾಹೇಬ್ರ ಅನ್ನೂದಿಲ್ಲ. ಇದು ಹಿರ್ಯಾರದ ಮಾತು," ಎಂದರು. ನನ್ನ ಎದೆ ಹಗುರಾಯಿತು. ಮುಗಿಯಿತು, ಹುಡುಗಿ ಪಾರಾದಳು ಎಂದುಕೊಂಡೆ.

ಆಗ ಅವಳು ಎದ್ದು ನಿಂತಳು.

"ಸರ್, ಯಾರ ಬರದಿರ್ಲಿ, ಸಹಿ ನಂದೈತ್ರಿ. ಸಹಿ ಮಾಡಿದ್ದನ್ನ ಮನ್ಯಾಗ ಬಿಟ್ಟು ಹೋದ್ನಿ, ಕೊಡೂ ಮುಂದ ತಿರುಗಿ ಓದಲಿಲ್ಲ. ಓದಿದ್ರ ಗೊತ್ತಾಗತಿತ್ತು. ತಪ್ಪು ನಂದರಿ."

ಅವಳನ್ನು ಯಾರೂ ಕೇಳಿರಲಿಲ್ಲ. ಸುಮ್ಮನಿದ್ದರೆ ಆಗುತ್ತಿತ್ತು. ಹಿಂದಿನ ದಿನ ಒಂದು ರೊಟ್ಟಿ, ಒಂದು ತುತ್ತು ಅನ್ನ ಮುಗಿಯುವವರೆಗೆ ಸುಮ್ಮನಿದ್ದವನು ನಾನು. ಇಪ್ಪತ್ತೆರಡು ವರ್ಷದ ಈ ಹುಡುಗಿ ಉಸಿರೆಳೆದುಕೊಳ್ಳುವಷ್ಟೂ ತಡ ಮಾಡಲಿಲ್ಲ. ಯಂತ್ರ ಬರೆದ ಅರ್ಜಿ ನೋಡಿದಾಗ ಮೈಮೇಲೆ ಕೂದಲೆದ್ದಿದ್ದವು ಎಂದೆನಲ್ಲ, ಇದರ ಮುಂದೆ ಅದು ಏನೂ ಅಲ್ಲ.

ಮೂವರೂ ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಈ ಪ್ರಬಂಧಕ್ಕೆ ಸೊನ್ನೆ. ಒಂದು ವಾರದಲ್ಲಿ ಮತ್ತೆ ಬರೆದು ಕೊಡಬೇಕು, ಪ್ರತಿಯೊಂದು ಮಾತು ಎಲ್ಲಿಂದ ಬಂತೆಂದು ಅಂಚಿನಲ್ಲಿ ಬರೆಯಬೇಕು. ಅದು ಸರಿಯಿದ್ದರೆ ಪರೀಕ್ಷೆಗೆ ಕೂರಬಹುದು. ಹೊರಡುವಾಗ ಮೇಡಂ ನನಗೆ ಹೇಳಿದರು: "ಆ ಮೂರನೇ ಪುಟದಾಗ ನಿಮ್ಮದೊಂದು ಮಾತೈತಲ್ರಿ ಅಜ್ಜಾರ, ಓದಿ ಹೇಳದ ಹೆಬ್ಬೆಟ್ಟ ತಗೊಂಡಿಲ್ಲ ಅಂತ, ಅದನ್ನ ನಾ ಕ್ಲಾಸಿನ್ಯಾಗ ಎಲ್ಲಾರಿಗೂ ಓದಿ ತೋರಿಸೇನಿ. ಅದನ್ನ ತಗೀಬ್ಯಾಡ್ರಿ."

ಗೋಕಾಕದ ಬಸ್ ನಿಲ್ದಾಣದಲ್ಲಿ ಮೂಡಲಗಿ ಬಸ್ಸು ಬರಲು ಹೊತ್ತಿತ್ತು. ಕಲ್ಲು ಬೆಂಚಿನ ಮೇಲೆ ಕೂತೆವು. ಯಂತ್ರದ ಸುಳ್ಳನ್ನು ಹಿಡಿಯಲು ಅವರ ಬಳಿ ದಪ್ಪ ಪುಸ್ತಕವಿತ್ತು. ನನ್ನ ಸುಳ್ಳನ್ನು ಹಿಡಿಯಲು ಯಾವ ಪುಸ್ತಕವೂ ಇರಲಿಲ್ಲ. ನಾನು ಸುಮ್ಮನಿದ್ದರೆ ಅದು ಅವಳ ಹೊಸ ಪ್ರಬಂಧದಲ್ಲೂ ಕೂರುತ್ತಿತ್ತು, ಅಂಚಿನಲ್ಲಿ 'ಅಜ್ಜ ಹೇಳಿದ್ದು' ಎಂದು ಬರೆಯಿಸಿಕೊಂಡು. ಸಹಿ ಮತ್ತೆ ಅವಳದೇ.

"ಮೂರನೇ ಪುಟಾನೂ ಸುಳ್ಳವಾ," ಎಂದೆ.

ಹುಕ್ಕೇರಿಯಲ್ಲಿ ಒಂದು ದಿನ ಕಚೇರಿ ಮುಚ್ಚುವ ಹೊತ್ತು. ಕುರುಬರ ಮನೆತನದ ಒಬ್ಬ ಹೆಣ್ಣುಮಗಳು, ಅಂಕಲಗಿಗೆ ಕೊಟ್ಟಿದ್ದರು, ಗಂಡ ತೀರಿಕೊಂಡಿದ್ದ. ಅಣ್ಣಂದಿರು ಕರೆದುಕೊಂಡು ಬಂದಿದ್ದರು. ಅವರು ಬರೆಸಿದ್ದು ಹಕ್ಕಸೋಡ ಪತ್ರ, ಎಂದರೆ ತವರಿನ ಹೊಲದಲ್ಲಿ ಅವಳು ತನ್ನ ಪಾಲನ್ನು ಬಿಟ್ಟುಕೊಟ್ಟ ಪತ್ರ. ನಾನು ಬರೆದೆ. ಕೊನೆಯಲ್ಲಿ 'ಓದಿಸಿ ಕೇಳಿ, ಒಪ್ಪಿ' ಎಂದೂ ಬರೆದೆ. ಓದುವ ಹೊತ್ತಿಗೆ ಹಿರಿಯಣ್ಣ, "ಓದೂದೆಲ್ಲಾ ಬ್ಯಾಡ್ರಿ, ಸಾಹೇಬ್ರು ಏಳಾಕತ್ತಾರ" ಎಂದ. ಅವಳು ನನ್ನನ್ನು ನೋಡಿ, "ಏನ್ ಬರದೀರಿ ಅಣ್ಣಾರ?" ಎಂದಳು.

"ಬರೀಬೇಕಾದ್ದು ಬರದೇನವಾ. ಒತ್ತು."

ಒತ್ತಿದಳು. ಬೆರಳಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ಎದ್ದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಕೇಳಿದಳು: "ಬಾಂವಿ ಬಾಜೂದ ತುಂಡು ನನ್ನ ಪಾಲಿಗಿ ಹಾಕೀರಲ್ರಿ?" ತನಗೆ ಪಾಲು ಕೊಡುವ ಪತ್ರವೆಂದು ತಿಳಿದಿದ್ದಳು. ನಾನು ಪೆನ್ನಿನ ಟೊಪ್ಪಿಗೆ ಹಾಕುತ್ತಿದ್ದೆ. ಹೂಂ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಪತ್ರದ ಕೆಳಗೆ ಉಳಿದ ಜಾಗಕ್ಕೆ ಮಾತ್ರ ನೆಟ್ಟಗೆ ಒಂದು ಅಡ್ಡಗೆರೆ ಎಳೆದಿದ್ದೆ, ಯಾರೂ ಮೋಸ ಮಾಡಬಾರದೆಂದು. ಅವಳು ತೀರಿಕೊಂಡ ಸುದ್ದಿಯನ್ನು ಬಹಳ ವರ್ಷಗಳ ಮೇಲೆ ಅಂಕಲಗಿಯವರೊಬ್ಬರಿಂದ ಕೇಳಿದೆ. ಅದೊಂದೇ ಪತ್ರ ಎಂದರೆ ಅದೂ ಸುಳ್ಳಾದೀತು. ಅವಸರದ ದಿನಗಳಲ್ಲಿ ಹಾಗೆ ಎಷ್ಟೋ ಆದವು. ಮುಖ ನೆನಪಿರುವುದು ಇವಳೊಬ್ಬಳದು.

ಮೊಮ್ಮಗಳು ಕೇಳಿಸಿಕೊಂಡಳು. ಬಸ್ಸು ಬಂತು, ಹತ್ತಿದೆವು. ಅರಭಾವಿ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಅಜ್ಜಾ, ಆ ಮಷೀನಿಗಿ ಸುಳ್ಳ ಅಂದ್ರ ಏನಂತ ಗೊತ್ತಿಲ್ಲ," ಎಂದಳು. "ನಿನಗ ಗೊತ್ತಿತ್ತು."

"ಗೊತ್ತಿತ್ತು."

ನಾಗನೂರ ಬಂತು. ಒಂದಿಷ್ಟು ಜನ ಇಳಿದರು, ಒಂದಿಷ್ಟು ಜನ ಹತ್ತಿದರು.

"ಇದನ್ನ ಬರೀಲೇನು?"

"ಬರಿ. ನಾ ಹೇಳಿದಂಗ ಬರಿ."

"ಮೇಡಂ ಕ್ಲಾಸಿನ್ಯಾಗ ಇದನ್ನೂ ಓದತಾರ ನೋಡು."

"ಓದಲಿ ಬಿಡವಾ. ಒಂದ್ ಸಲ ಆದ್ರೂ ಯಾರರ ಓದಿ ಹೇಳಿದಂಗ ಆಗತೈತಿ."

ಆ ವಾರವೆಲ್ಲ ಅವಳು ಕಾಲೇಜಿನ ಗ್ರಂಥಾಲಯದಲ್ಲಿ ಕೂತಳು. ಈ ಸಲ ಎರಡೇ ತೀರ್ಪು ಹಾಕಿದಳು, ಎರಡನ್ನೂ ಸಂಪುಟ ತೆರೆದು ನೋಡಿ, ಆ ಪುಟಗಳ ನಕಲು ತೆಗೆದುಕೊಂಡು ಬಂದಳು. ಯಂತ್ರಕ್ಕೆ ಏನು ಕೇಳಿದೆ, ಅದು ಎಲ್ಲಿ ತಪ್ಪಿತು ಎಂಬುದನ್ನೂ ಮೊದಲ ಹಾಳೆಯಲ್ಲಿ ಬರೆದಳು. ಮೂರನೇ ಪುಟದಲ್ಲಿ ನನ್ನ ಮಾತು ಹೀಗಿತ್ತು: ಮೂವತ್ತೈದು ವರ್ಷ ಪತ್ರ ಬರೆದ ಒಬ್ಬರು, ಅವಸರದಲ್ಲಿ ಓದಿ ಹೇಳದೆಯೂ 'ಓದಿಸಿ ಕೇಳಿ' ಎಂದು ಬರೆದದ್ದುಂಟೆಂದು ಒಪ್ಪಿಕೊಂಡಿದ್ದಾರೆ. ಅದರ ಕೆಳಗೆ ಅಂಕಲಗಿಯ ಹೆಣ್ಣುಮಗಳ ಬಾವಿಯ ಮಾತು, ಅವಳು ಕೇಳಿದ ಹಾಗೆಯೇ.

ಕೊಡುವ ಹಿಂದಿನ ಸಂಜೆ ಅವಳು ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಅಂಚಿನಲ್ಲಿ ಬರೆದದ್ದನ್ನೂ, ಪುಟ ಸಂಖ್ಯೆಗಳನ್ನೂ ಬಿಡಲಿಲ್ಲ. ನನಗೆ ಕಣ್ಣಿದೆ, ಓದಲು ಬರುತ್ತದೆ. ಆದರೂ ಕೈಕಟ್ಟಿಕೊಂಡು ಕೇಳಿದೆ. ನನ್ನ ಇಡೀ ಕಸುಬಿನಲ್ಲಿ ಒಂದು ಕಾಗದವನ್ನು ನನಗೆ ಯಾರಾದರೂ ಓದಿ ಹೇಳಿದ್ದು ಅದೇ ಮೊದಲು. ಎದುರು ಕೂತು ಕೇಳುವವರಿಗೆ ಒಂದೊಂದು ಮಾತೂ ಎಷ್ಟು ಭಾರವಾಗಿ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

"ಒಪ್ಪಿಗಿ ಐತೇನ್ರಿ ಅಜ್ಜಾರ?" ಎಂದಳು, ಕಚೇರಿಯ ದನಿಯಲ್ಲಿ.

"ಐತ್ರಿ."

ಈ ಸಲವೂ ಕೊನೆಯ ಪುಟ ಪೂರ್ತಿಯಾಗಿರಲಿಲ್ಲ, ಕೆಳಗೆ ಗೇಣುದ್ದ ಜಾಗ ಉಳಿದಿತ್ತು. ಅವಳು ನನ್ನ ಮುಖ ನೋಡಿದಳು. ಆಮೇಲೆ ಅಳತೆಪಟ್ಟಿ ಇಡದೆ, ಕೈಯಿಂದಲೇ, ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದಳು. ಸಹಿಯನ್ನು ಅದರ ನಂತರ ಮಾಡಿದಳು. ಗೆರೆ ನಡುವೆ ಸ್ವಲ್ಪ ಡೊಂಕಾಗಿತ್ತು, ನನ್ನ ಗೆರೆಯ ಹಾಗೆ ಇರಲಿಲ್ಲ. ಅದನ್ನು ನೋಡಿ ನನಗೆ ಸಮಾಧಾನವಾಯಿತು.